ಗಾಡಿ ಬಂದ ಹೊಲಿಗೆ

ಟೀಚರು ತೀರಿಕೊಂಡ ಸುದ್ದಿ ಬಂದಾಗ ನಾನು ಹೋಟೆಲಿನ ಅಡುಗೆಮನೆಯಲ್ಲಿ ಸಾಂಬಾರಿನ ಉಪ್ಪು ನೋಡುತ್ತಿದ್ದೆ. ಸಂಭಾಜಿನಗರದಿಂದ ಅವರ ಮಗಳು ಫೋನ್ ಮಾಡಿದ್ದಳು. ಕನ್ನಡದಲ್ಲಿ ಶುರು ಮಾಡಿದವಳು ನಡುವೆ ಮಾತು ಸಿಗದೆ ಮರಾಠಿಗೆ ಹೊರಳಿ, "ಆಯಿ ಗೇಲಿ, ಕಾಕಾ", ಅಮ್ಮ ಹೋದಳು ಎಂದು ಅತ್ತಳು. ಸೌಟು ಕೆಳಗಿಟ್ಟೆ. ಆಮೇಲೆ ಆ ಸಾಂಬಾರಿಗೆ ಉಪ್ಪು ಬಿತ್ತೋ ಇಲ್ಲವೋ ನೆನಪಿಲ್ಲ. ಗಿರಾಕಿಗಳು ಯಾರೂ ದೂರಲಿಲ್ಲ, ಅಥವಾ ದೂರಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಅನುದಾನದ ಅರ್ಜಿಯಲ್ಲಿ 'ಕಲಾವಿದರ ಹೆಸರು' ಎಂಬ ಜಾಗ ಬಂದಾಗಲೆಲ್ಲ ನಮ್ಮಿಬ್ಬರಿಗೂ ಜಗಳವಾಗಿದೆ. "ಹೆಸರಿಲ್ಲದೆ ದುಡ್ಡು ಯಾರಿಗೆ ಕೊಡುದು, ಟೀಚರೇ?" ಎಂದು ನಾನು ಮೇಜು ಕುಟ್ಟುತ್ತಿದ್ದೆ. ಅವರು ನನ್ನ ಮೇಜಿನ ಮೇಲಿನ ಸಕ್ಕರೆ ಡಬ್ಬಿಯನ್ನು ಸರಿಮಾಡಿ ಇಡುತ್ತಿದ್ದರು. ಜಗಳ ಅಲ್ಲಿಗೇ ಮುಗಿಯುತ್ತಿತ್ತು, ಪ್ರತಿ ಸಲವೂ ನಾನು ಸೋತು.

ನಾನು ಕುಂದಾಪುರದ ಕಡೆಯವನು. ನಾಶಿಕದ ಪಕ್ಕ ಸೈನ್ಯದವರಿರುವ ದೇವಳಾಲಿ ಕ್ಯಾಂಪಿನಲ್ಲಿ, ರೈಲು ನಿಲ್ದಾಣಕ್ಕೆ ಹೋಗುವ ರಸ್ತೆಯ ಮೇಲೆ ನಮ್ಮ ಶಾಕಾಹಾರಿ ಹೋಟೆಲಿದೆ. ತಂದೆಯ ಕಾಲದ್ದು. ಟೀಚರು ಬೀದರ್ ಜಿಲ್ಲೆಯಿಂದ ಮದುವೆಯಾಗಿ ನಾಶಿಕಕ್ಕೆ ಬಂದವರು. ಗಂಡ ಓಝರಿನ ವಿಮಾನ ಕಾರ್ಖಾನೆಯಲ್ಲಿದ್ದರು. ಅವರು ತೀರಿಹೋದ ಮೇಲೆ ಟೀಚರು ಕ್ಯಾಂಪಿನ ಹತ್ತಿರ ಎರಡು ಕೋಣೆಯ ಮನೆ ಹಿಡಿದು, ಮರಾಠಿ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ನನ್ನ ಮಗಳು ಆ ಶಾಲೆಯಲ್ಲೇ ಓದಿದ್ದು.

ನಮ್ಮ ಪರಿಚಯ ಆಗಿದ್ದೇ ಜಗಳದಿಂದ. ಮಗಳು ಒಂದು ದಿನ ಅಳುತ್ತ ಬಂದಳು. ಡ್ರಾಯಿಂಗ್ ಟೀಚರು ಅವಳ ಹೊಸ ರಬ್ಬರನ್ನು ಕಸಿದುಕೊಂಡರಂತೆ. ವಿಚಾರಿಸಿದರೆ, ತರಗತಿಯ ಬಾಗಿಲಲ್ಲೇ ಒಂದು ಸ್ಟೀಲ್ ಡಬ್ಬಿ ಇಟ್ಟು ಎಲ್ಲ ಮಕ್ಕಳ ರಬ್ಬರನ್ನೂ ಅದರಲ್ಲಿ ಹಾಕಿಸಿಕೊಳ್ಳುತ್ತಾರಂತೆ. ನಾನು ಮೊದಲೇ ಮುಂಗೋಪಿ. ಮರುದಿನ ಕಾಲು ಕೆರೆದುಕೊಂಡೇ ಶಾಲೆಗೆ ಹೋದೆ. ಕುಳ್ಳಗೆ, ಕನ್ನಡಕದ ಕಾಲಿಗೆ ದಾರ ಕಟ್ಟಿಕೊಂಡ ಹೆಂಗಸು ನನ್ನ ಹರಕು ಮರಾಠಿಯನ್ನು ಕೊನೆಯವರೆಗೆ ಕೇಳಿ, ಅಚ್ಚ ಬೀದರ್ ಕನ್ನಡದಲ್ಲಿ, "ಅಳಿಸಿದ್ರ ಏನ್ ಸಿಗ್ತದ್ರಿ ಅಣ್ಣಾರ? ಬಿಳಿ ಹಾಳಿ ಸಿಗ್ತದ. ಅದು ಅಂಗಡ್ಯಾಗೂ ಸಿಗ್ತದ" ಎಂದರು. ವರ್ಷದ ಕೊನೆಗೆ ಎಲ್ಲ ರಬ್ಬರುಗಳೂ ವಾಪಸ್ ಬಂದವು, ಯಾರದು ಯಾರಿಗೆ ಎಂಬ ಲೆಕ್ಕವಿಲ್ಲದೆ. ನನ್ನ ಮಗಳಿಗೆ ಯಾರೋ ಕಚ್ಚಿ ಹಲ್ಲಿನ ಗುರುತು ಬಿದ್ದಿದ್ದ ರಬ್ಬರು ಸಿಕ್ಕಿತು. ಅವಳು ಅದನ್ನು ಇನ್ನೂ ಇಟ್ಟುಕೊಂಡಿದ್ದಾಳೆ.

ನಿವೃತ್ತರಾದ ಮೇಲೆ ಒಂದು ಬೆಳಿಗ್ಗೆ ಬಟ್ಟೆಯ ಗಂಟು ಹೊತ್ತುಕೊಂಡು ನಮ್ಮ ಹೋಟೆಲಿಗೆ ಬಂದರು. ಚಹಾ ಕುಡಿದರು. ಎಂದಿನಂತೆ ಅರ್ಧ ಉಳಿಸಿದರು. ಆಮೇಲೆ, "ಅಣ್ಣಾರ, ನಿಮ್ಮ ವರಾಂಡಾ ನನಗ ಬೇಕಾಗೇದ" ಎಂದರು. ರಸ್ತೆಗೆ ತೆರೆದುಕೊಂಡ ಆ ವರಾಂಡದಲ್ಲಿ ನಾಲ್ಕು ಮೇಜುಗಳಿದ್ದವು, ಒಳ್ಳೆಯ ವ್ಯಾಪಾರದ ಮೇಜುಗಳು. ಎಂಥದಕ್ಕೆ ಎಂದೆ. ಗಂಟು ಬಿಚ್ಚಿದರು. ಒಳಗೆ ಹಳೆಯ ಸೀರೆ, ಧೋತರ, ಲಂಗದ ತುಂಡುಗಳು.

ಕೌದಿ ಅಂದರೆ ನಮ್ಮ ಕರಾವಳಿಯವರಿಗೆ ಅಷ್ಟು ಗೊತ್ತಿಲ್ಲ. ಸೆಖೆಯಲ್ಲಿ ಬೇಯುವವರಿಗೆ ದಪ್ಪ ಹೊದಿಕೆ ಯಾಕೆ? ಬೀದರ್, ಕಲಬುರಗಿ ಕಡೆ ಹಳೆಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದ ಸಾಲು ಸಾಲು ಹೊಲಿದು ಮಾಡುತ್ತಾರೆ. ಮರಾಠಿಯವರು ಗೋಧಡಿ ಅನ್ನುತ್ತಾರೆ. ಟೀಚರ ಕಡೆಯ ಮನೆಗಳಲ್ಲಿ ಒಂದು ಪದ್ಧತಿ ಇದೆ. ಕೌದಿ ಪೂರ್ತಿಯಾಗುವಾಗ ನಟ್ಟನಡುವೆ ಅಂಗೈಯಷ್ಟು ಜಾಗ ಹೊಲಿಯದೆ ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಕೊನೆಗೆ ಅದರೊಳಗೆ ಒಂದು ಚೂರು ರೊಟ್ಟಿ, ಚಿಟಿಕೆ ಸಕ್ಕರೆ ಇಟ್ಟು ಹೊಲಿದು ಮುಚ್ಚುತ್ತಾರೆ. ಕೌದಿ ಹಸಿದಿರಬಾರದಂತೆ. ಹೊಟ್ಟೆ ತುಂಬಿಸಿ ಮುಚ್ಚಿದ ಮೇಲೆ ಆ ಕೌದಿಗೆ ಯಾರೂ ಮತ್ತೆ ಸೂಜಿ ಹಾಕುವ ಹಾಗಿಲ್ಲ.

ಟೀಚರಿಗೆ ಬೇಕಾಗಿದ್ದದ್ದು ಇಷ್ಟು: ಮಂಚದಗಲದ ಒಂದು ಕೌದಿಯನ್ನು ವರಾಂಡದಲ್ಲಿ ಹಾಸುವುದು, ದಾರ ಪೋಣಿಸಿದ ಸೂಜಿಗಳನ್ನು ಇಡುವುದು. ರೈಲಿಗೆ ಕಾಯುವವರು, ಚಹಾಕ್ಕೆ ಬಂದವರು ಯಾರು ಬೇಕಾದರೂ ಕೂತು ಹೊಲಿಯಬಹುದು. ಹೊಲಿಗೆ ಬರಬೇಕೆಂದಿಲ್ಲ. ಹೆಸರು ಬರೆಯುವ ಹಾಗಿಲ್ಲ. ಹಾಕಿದ ಹೊಲಿಗೆಯನ್ನು ಬಿಚ್ಚುವ ಹಾಗಿಲ್ಲ. ಜನ ಕೈಹಾಕಿ ಮಾಡುವ ಇಂಥದ್ದಕ್ಕೆ ಸಾರ್ವಜನಿಕ ಸಮುದಾಯ ಕಲೆ ಎಂಬ ದೊಡ್ಡ ಹೆಸರಿದೆ ಎಂದು ನಮಗಿಬ್ಬರಿಗೂ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಒಂದು ವಾರಕ್ಕೆ ಅಂತ ಮೇಜುಗಳನ್ನು ಒಳಗಿಟ್ಟೆ. ಆ ವಾರ ಮುಗಿಯಲೇ ಇಲ್ಲ.

ಯಾರು ಯಾರೋ ಬಂದರು. ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿ ಗೋಣಿಚೀಲ ಹೊಲಿದ ಹಾಗೆ ಉದ್ದುದ್ದ ಹಾಕಿ ಎದ್ದ. ಒಬ್ಬ ಹುಡುಗಿ ತನ್ನ ಓಢಣಿಯನ್ನೂ ಸೇರಿಸಿ ಹೊಲಿದುಕೊಂಡು, ಬಿಡಿಸಿಕೊಳ್ಳಲಾಗದೆ ಓಢಣಿಯ ತುದಿಯನ್ನು ಕತ್ತರಿಸಿ ಕೊಟ್ಟೇ ಹೋದಳು. ಟೀಚರು ಸ್ವಲ್ಪ ದೂರದಲ್ಲಿ ರಸ್ತೆಗೆ ಮುಖ ಮಾಡಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಅದೊಂದೇ ಅವರ ಕೆಲಸ. ಯಾರಾದರೂ "ಸರಿ ಬಂತಾ?" ಎಂದು ಕೇಳಿದರೆ, "ಬಂತಲ್ಲ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ನನ್ನನ್ನು ಕರೆದು ಕೆಂಪು ದಾರದ ಒಂದು ಸಾಲು ತೋರಿಸಿದರು. ನಡುವಿನಲ್ಲಿ ತಟ್ಟನೆ ನಿಂತಿತ್ತು.

"ಇದೇನ್ ಹೇಳ್ರಿ ನೋಡೂಣು."

"ದಾರ ಮುಗಿದಿರಬೇಕು" ಎಂದೆ.

"ದಾರ ಇನ್ನೂ ಇತ್ರಿ. ಹೊಲಿಯಾಕಿದು ಗಾಡಿ ಬಂತು." ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಇದು ಗಾಡಿ ಬಂದ ಹೊಲಿಗಿ. ಇಕಾ, ಇದೂ. ಇದೂ."

ಆಮೇಲೆ ನನಗೂ ಅದೇ ಕಾಣತೊಡಗಿತು. ಕೌದಿಯ ತುಂಬ, ರೈಲು ಬಂತೆಂದು ಎದ್ದು ಓಡಿದವರ ಅರ್ಧಕ್ಕೆ ನಿಂತ ಸಾಲುಗಳು. ಹೋದವರೆಲ್ಲ ಅಲ್ಲೇ ಇದ್ದಾರೆ ಅನಿಸುತ್ತಿತ್ತು. ಹೋಟೆಲಿನಲ್ಲಿ ದಿನಾ ನೂರಾರು ಜನ ಉಂಡು ಹೋಗುತ್ತಾರೆ, ತಟ್ಟೆ ತೊಳೆದರೆ ಗುರುತೂ ಇರುವುದಿಲ್ಲ. ಈ ಹರಕು ಬಟ್ಟೆಯಲ್ಲಿ ಮಾತ್ರ ಅವರು ಉಳಿದುಕೊಂಡಿದ್ದರು. ನನಗೆ ಅದು ಇಷ್ಟವಾಯಿತು. ಹಾಗೆಂದು ಟೀಚರಿಗೆ ಹೇಳಲಿಲ್ಲ, ವರಾಂಡದ ವ್ಯಾಪಾರ ಹೋಯಿತೆಂದು ಗೊಣಗುವುದನ್ನೂ ಬಿಡಲಿಲ್ಲ.

ಟೀಚರಿಗೆ ಇನ್ನೊಂದು ಆಸೆ ಇತ್ತು. ಒಂದು ಸಣ್ಣ ಟೆಂಪೊ, ಮೇಲೊಂದು ತಾಡಪಾಲು. ಕೌದಿಯನ್ನು ತ್ರ್ಯಂಬಕೇಶ್ವರದಲ್ಲಿ ಜೀಪಿಗೆ ಕಾಯುವ ಯಾತ್ರಿಕರ ನಡುವೆ ಹಾಸಬೇಕು, ಓಝರಿನ ಕಾಲೊನಿಯ ಬಸ್‌ಸ್ಟಾಪಿನಲ್ಲಿ ಹಾಸಬೇಕು. ಪಿಂಚಣಿಯಲ್ಲಿ ಅದು ಆಗುವ ಮಾತಲ್ಲ. ಅನುದಾನಕ್ಕೆ ಅರ್ಜಿ ಹಾಕೋಣ ಎಂದು ಐಡಿಯಾ ಕೊಟ್ಟವಳು ನನ್ನ ಮಗಳು. ಕೊಟ್ಟು ತಾನು ಪುಣೆಗೆ ಓದಲು ಹೋದಳು. ಇಂಗ್ಲಿಷ್ ಬರೆಯುವ ಹೊಣೆ ಬಿ.ಕಾಂ. ಮಾಡಿದ ಅಪ್ಪನ ತಲೆಗೆ ಬಂತು.

ನಾನು ಬರೆದದ್ದನ್ನು ವಾಕ್ಯ ವಾಕ್ಯವಾಗಿ ಕನ್ನಡದಲ್ಲಿ ಹೇಳಬೇಕಿತ್ತು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಈ ಯೋಜನೆಯಿಂದ ಸಾವಿರಾರು ಮಹಿಳೆಯರ ಬದುಕು ಬದಲಾಗುತ್ತದೆ."

"ಯಾರ ಬದುಕು ಬದಲಾತ್ರಿ? ತಗೀರಿ ಅದನ್ನ."

"ಟೀಚರೇ, ಅರ್ಜಿ ಅಂದ್ರೆ ಹೀಗೇ ಬರಿಲಿಕ್ಕೆ ಮಾರಾಯ್ರೆ. ನಾವು ಬೋರ್ಡಿನಲ್ಲಿ ಶುಚಿ, ರುಚಿ ಅಂತ ಬರೆಯುದಿಲ್ವಾ?"

"ನಿಮ್ಮ ಸಾಂಬಾರು ರುಚಿ ಅದ. ಅದಕ್ಕ ನಡೀತದ."

ಹೀಗೆ ತೆಗೆದೂ ತೆಗೆದೂ ನನ್ನ ಎರಡು ಪುಟದ ಇಂಗ್ಲಿಷು ಅರ್ಧ ಪುಟಕ್ಕೆ ಇಳಿಯುತ್ತಿತ್ತು. ಅಂಥ ಬಡಕಲು ಅರ್ಜಿಗೆ ಯಾರು ದುಡ್ಡು ಕೊಡುತ್ತಾರೆ? ಮುಂಬೈಯಿಂದ ಒಂದು, ದಿಲ್ಲಿಯಿಂದ ಒಂದು, ವಿಷಾದದ ಪತ್ರಗಳು ಬಂದವು. ಕಡೆಗೆ ಸಂಭಾಜಿನಗರದ ಒಂದು ಸಂಸ್ಥೆಗೆ ಹಾಕುವಾಗ ನಾನೊಂದು ವಾಕ್ಯ ಬರೆದೆ: 'ಜನ ಇದನ್ನು ತಮ್ಮದೆಂದುಕೊಳ್ಳುತ್ತಾರೆ.' ಇದೂ ಹೋಯಿತು ಎಂದುಕೊಂಡೆ. ಟೀಚರು ಕಣ್ಣು ತೆರೆದರು.

"ಇದು ಇರ್ಲಿ. ಇನ್ನೂ ಆಗಿಲ್ಲ, ಆದ್ರ ಆಗಬಹುದು" ಎಂದರು.

ಆ ಸಂಸ್ಥೆಯವರು ಸಂದರ್ಶನಕ್ಕೆ ಕರೆದರು. ಬಸ್ಸಿನಲ್ಲಿ ಹೋದೆವು. ಟೀಚರು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ, ಊರ ಹೆಸರು ಬದಲಾದದ್ದು ಮರೆತು, "ಔರಂಗಾಬಾದ್ ಇನ್ನೂ ಎಷ್ಟು ದೂರ್ರಿ?" ಎಂದು ಕೇಳುತ್ತಿದ್ದರು. ತಣ್ಣಗಿನ ಕೋಣೆಯಲ್ಲಿ ಮೂವರು ಕೂತಿದ್ದರು. ಅದರಲ್ಲಿ ಕೂದಲು ಮೋಟಾಗಿ ಕತ್ತರಿಸಿಕೊಂಡ ಒಬ್ಬ ಹೆಂಗಸು ಹಿಂದಿಯಲ್ಲಿ, ಹೊಲಿಯುವವರೆಲ್ಲ ಜನರೇ ಆದರೆ ನೀವೇನು ಮಾಡುತ್ತೀರಿ ಎಂದು ಕೇಳಿದರು. "ನಾನು ಸೂಜಿಗೆ ದಾರ ಹಾಕ್ತೀನಿ" ಎಂದು ಟೀಚರು ಹಿಂದಿಯಲ್ಲೇ ಹೇಳಿದರು. ಮೂವರೂ ನಕ್ಕರು. ಆಮೇಲೆ ಆ ಹೆಂಗಸು ಒಬ್ಬರೇ ನಗುವುದನ್ನು ನಿಲ್ಲಿಸಿ, ನಾನು ಬಂದು ನೋಡುತ್ತೇನೆ, ನಾನೂ ಹೊಲಿಯುತ್ತೇನೆ ಎಂದರು.

ವಾಪಸ್ ಬರುವಾಗ ಟೀಚರು ಮೆಲ್ಲಗೆ ಹೇಳಿದರು: "ಈ ಸಲ ಆಗ್ಲಿಲ್ಲಂದ್ರ ಬಿಟ್ಟುಬಿಡ್ತೀನ್ರಿ ಅಣ್ಣಾರ. ಎಷ್ಟು ದಿನಾಂತ ನಿಮ್ಮ ಧಂದೆಕ್ಕ ಅಡ್ಡ ಕೂಡ್ಲಿ?" ಅವರು ಹಗುರವಾಗಿ ಮಾತಾಡುವವರಲ್ಲ. ಮೇಜುಗಳು ವಾಪಸ್ ಬಂದಾವು ಎಂಬ ಸಂತೋಷ ಆಗಬೇಕಿತ್ತಲ್ಲ, ಆಗಲಿಲ್ಲ.

ಇಲ್ಲಿ ಮಹಾದೇವಿಬಾಯಿಯ ವಿಷಯ ಹೇಳಬೇಕು. ಕಲಬುರಗಿ ಕಡೆಯವರು, ಗಂಡನದು ನಮ್ಮ ರಸ್ತೆಯಲ್ಲೇ ಬಟ್ಟೆ ಅಂಗಡಿ. ಕ್ಯಾಂಪಿನ ನಮ್ಮ ಕನ್ನಡ ಹೆಂಗಸರಿಗೆಲ್ಲ ಅವರೇ ಮುಂದಾಳು. ಅವರ ಹೊಲಿಗೆ ಅಂದರೆ ಸಾಸಿವೆ ಸಾಲಿಟ್ಟ ಹಾಗೆ. ಟೀಚರನ್ನು ಊರ ರೂಢಿಯಂತೆ ಅಕ್ಕೋರು ಎಂದು ಕರೆಯುತ್ತಿದ್ದರು, ಅವರ ಮೇಲೆ ಪ್ರಾಣ ಇಟ್ಟಿದ್ದರು. ಆದರೆ ಆ ಕೌದಿಯನ್ನು ಕಂಡರೆ ಅವರಿಗೆ ಹಲ್ಲುನೋವು ಬಂದ ಹಾಗೆ ಆಗುತ್ತಿತ್ತು. "ಏನ್ ಸೊಟ್ಟರೀ ಇದು! ನಮ್ಮ ಕಡಿ ಹಿಂಗ ಹೊಲದ್ರ ಅತ್ತೀ ಮನ್ಯಾಗ ಊಟಾ ಹಾಕಂಗಿಲ್ಲ" ಎಂದು ನನ್ನ ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಸಂಭಾಜಿನಗರದಿಂದ ದೊಡ್ಡವರು ನೋಡಲು ಬರುತ್ತಾರೆ ಎಂಬ ಸುದ್ದಿ ಹಬ್ಬಿತು. ಹೋಟೆಲಿಗೆ ವಾರದ ರಜೆಯ ದಿನ, ಟೀಚರಿಲ್ಲದಾಗ, ಮಹಾದೇವಿಬಾಯಿ ನಾಲ್ಕಾರು ಹೆಂಗಸರೊಡನೆ ಬಂದು, "ಅಣ್ಣಾರ, ಕೌದಿ ಒಯ್ತೀವ್ರಿ. ಧೂಳ ಭಾಳ ಆಗೇದ, ಸ್ವಚ್ಛ್ ಮಾಡಿ ಕೊಡ್ತೀವಿ" ಎಂದರು. ಒಳ್ಳೆಯದೇ ಅಲ್ಲವೇ? ಮಡಚಿ ಕೊಟ್ಟೆ. ಅತಿಥಿ ಬರುವ ದಿನ ಬೆಳಿಗ್ಗೆ ಅವರೇ ತಂದು ಹಾಸಿದರು, ಮೇಲೊಂದು ಬಿಳಿ ಚಾದರ ಮುಚ್ಚಿದರು. ಅತಿಥಿಗೆ ಉಡಿ ತುಂಬಲು ತೆಂಗಿನಕಾಯಿ, ಕುಪ್ಪಸದ ಖಣವನ್ನೂ ತಂದಿದ್ದರು. ಎಲ್ಲರೂ ರೇಷ್ಮೆ ಸೀರೆಯಲ್ಲಿದ್ದರು. ನನ್ನ ವರಾಂಡ ಮದುವೆ ಮನೆಯಾಗಿತ್ತು.

ಆ ಮೋಟುಗೂದಲಿನ ಹೆಂಗಸು ಬಂದರು. ಚಪ್ಪಲಿ ಬಿಟ್ಟು, ತಾವಾಗಿಯೇ ನೆಲದ ಮೇಲೆ ಕೂತು, ಸೂಜಿ ಕೊಡಿ ಎಂದು ಕೈ ಚಾಚಿದರು. ಮಹಾದೇವಿಬಾಯಿ ಚಾದರ ಸರಿಸಿದರು.

ಒಂದೇ ಒಂದು ಸೊಟ್ಟ ಹೊಲಿಗೆ ಇರಲಿಲ್ಲ. ಎಲ್ಲವನ್ನೂ ಬಿಚ್ಚಿ, ಈ ತುದಿಯಿಂದ ಆ ತುದಿಗೆ ಸಾಸಿವೆಯ ಸಾಲುಗಳನ್ನು ಹಾಕಿದ್ದರು. ಸಿಪಾಯಿ ಇಲ್ಲ, ಓಢಣಿಯ ತುದಿ ಇಲ್ಲ. ಕೆಂಪು ದಾರ ಅರ್ಧಕ್ಕೆ ನಿಂತಿದ್ದಲ್ಲಿ ಈಗ ತಡೆಯಿಲ್ಲದ ಸಾಲು ಓಡುತ್ತಿತ್ತು. ನಡುವಿನ ಹೊಟ್ಟೆಯೂ ಮುಚ್ಚಿತ್ತು. ರೊಟ್ಟಿ ಇಟ್ಟು, ಸಕ್ಕರೆ ಇಟ್ಟು, ಶಾಸ್ತ್ರ ಪ್ರಕಾರ ಮುಗಿಸಿದ್ದರು.

ಅತಿಥಿ ಸೂಜಿ ಹಿಡಿದು ಎಲ್ಲಿ ಹಾಕಲಿ ಎಂದು ಹುಡುಕಿದರು. ಹಾಕಲು ಜಾಗ ಇರಲಿಲ್ಲ.

ಟೀಚರೂ ಅದನ್ನು ನೋಡಿದ್ದು ಆಗಲೇ. ಬಗ್ಗಿ, ಕೆಂಪು ಸಾಲಿನ ಮೇಲೆ ಬೆರಳಾಡಿಸಿದರು. ಈಗ ಹೇಳುತ್ತಾರೆ, ಇದು ನಾನು ಮಾಡಿದ್ದಲ್ಲ, ಇವರು ಕೆಡಿಸಿದರು ಎಂದು ಹೇಳುತ್ತಾರೆ, ಆ ಹೆಂಗಸಿಗೆ ಅರ್ಥವಾಗುತ್ತದೆ ಎಂದು ನಾನು ಕಾದೆ. ಟೀಚರು ನೆಟ್ಟಗಾಗಿ, ಹಿಂದಿಯಲ್ಲಿ ಅತಿಥಿಗೆ, "ಎಲ್ಲಾ ಇವರೇ ಮಾಡಿದ್ದು" ಎಂದರು. ಆಮೇಲೆ ಮಹಾದೇವಿಬಾಯಿಯ ಕಡೆ ತಿರುಗಿ, "ಎಷ್ಟು ಚಂದ ಹಾಕೀರ್ರಿ ಬಾಯಿ. ನನಗ ಹಿಂಗ ಬರಂಗಿಲ್ಲ" ಎಂದರು.

ಮಹಾದೇವಿಬಾಯಿಯ ಕಣ್ಣು ತುಂಬಿತು. "ನಿಮ್ಮ ಮರ್ಯಾದಿ ಇತ್ತಲ್ರಿ ಅಕ್ಕೋರ" ಎಂದರು.

ಅತಿಥಿಗೆ ಉಡಿ ತುಂಬಿದರು. ನಮ್ಮ ಕೇಸರಿಬಾತು ತಿಂದು ಅವರು ಹೊರಟುಹೋದರು. ಹೋಗುವಾಗ ಸೂಜಿಯನ್ನು ಮೇಜಿನ ಮೇಲೆ ಇಟ್ಟು ಹೋದರು, ಅದರ ದಾರ ಹಾಗೇ ಇತ್ತು.

ನನಗೆ ಸಿಟ್ಟು ನೆತ್ತಿಗೇರಿತ್ತು. ಹೆಂಗಸರೆಲ್ಲ ಹೋದ ಮೇಲೆ ಕೂಗಾಡಿದೆ. "ಬಾಯಲ್ಲಿ ಎಂತ ಇತ್ತು ಟೀಚರೇ ನಿಮ್ಗೆ? ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ಮಕ್ಕಳ ರಬ್ಬರ್ ಕಸ್ಕೊಂಡವರು ನೀವು, ಇವರು ಇಡೀ ಕೌದಿ ಅಳಿಸಿದ್ರಲ್ಲ!"

ಅವರು ಕೌದಿ ಮಡಚುತ್ತಿದ್ದರು. "ಅಣ್ಣಾರ, ನಾವೇನ್ ಬರ್ದಿದ್ವಿ ಅರ್ಜ್ಯಾಗ? ಜನ ತಮ್ಮದು ಅಂದ್ಕೋತಾರ ಅಂತ. ಅಂದ್ಕೊಂಡ್ರು. ತಮ್ಮ ಮನೀ ಕೌದಿ ಅಂದ್ಕೊಂಡು ಬೆರಳ ಚುಚ್ಚಿಸಿಕೊಂಡು ಹೊಲದಾರ. ಈಗ ನಿಮ್ಮದಲ್ಲ, ನಂದು ಅಂತ ಹೆಂಗ ಅನ್ಲಿ?" ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೆಂಪು ದಾರದಾಕಿ ಹೋದ್ಳು, ಅಷ್ಟ" ಎಂದರು. ನಾನು ಅವರ ಅಳು ನೋಡಿದ್ದು ಅದೊಂದೇ ಸಲ.

ಸಂಸ್ಥೆಯ ಪತ್ರ ಬಂತು. ಸಾರ್ವಜನಿಕರು ಭಾಗವಹಿಸಲು ಅವಕಾಶ ಸಾಲದು ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತ. ಓದಿ ಹೇಳಿದೆ. ಟೀಚರು ಕನ್ನಡಕ ಜಾರುವಷ್ಟು ನಕ್ಕರು. ಮರುದಿನದಿಂದ ವರಾಂಡಕ್ಕೆ ಬರಲಿಲ್ಲ. ನಾನು ಮೇಜುಗಳನ್ನು ಹೊರಗೆ ಹಾಕಿದೆ. ವ್ಯಾಪಾರ ಚೆನ್ನಾಗಿಯೇ ಆಯಿತು, ನನಗೆ ಮಾತ್ರ ಯಾವ ಗಿರಾಕಿಯ ಮುಖವೂ ಹಿಡಿಸುತ್ತಿರಲಿಲ್ಲ.

ಒಂದು ದಿನ ಮಹಾದೇವಿಬಾಯಿ ಹೆಮ್ಮೆಯಿಂದ, "ಅಕ್ಕೋರಿಗೆ ರೊಕ್ಕಾ ಬಂತೇನ್ರಿ?" ಎಂದು ಕೇಳಿದರು. ತಡೆಯಲಾಗಲಿಲ್ಲ. ಗಾಡಿ ಬಂದ ಹೊಲಿಗೆ ಎಂದರೇನು, ಹೊಟ್ಟೆಯನ್ನು ಯಾಕೆ ತೆರೆದಿಟ್ಟಿದ್ದರು, ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ಅಯ್ಯ ಶಿವನ, ಒಂದು ಮಾತು ಅನ್ಲಿಲ್ಲಲ್ರೀ ನಮಗ" ಎಂದರು. ನೀರು ಕೊಟ್ಟರೂ ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋಟೆಲು ತೆರೆಯುವಷ್ಟರಲ್ಲಿ ವರಾಂಡದ ಮೆಟ್ಟಿಲ ಮೇಲೆ ಮಹಾದೇವಿಬಾಯಿ ಕೂತಿದ್ದರು, ಪಕ್ಕದಲ್ಲಿ ಟೀಚರು. ಕರೆತಂದಿದ್ದರೋ ಎಳೆತಂದಿದ್ದರೋ. ಹೊಸ ಕೌದಿಗೆಂದು ಮಹಾದೇವಿಬಾಯಿ ತಮ್ಮ ತವರಿನ ಇಳಕಲ್ ಸೀರೆಯನ್ನೇ ಕತ್ತರಿಸಿ ಕೆಳಗೆ ಹಾಸಿದ್ದರು, ಮೇಲೆ ಬೇರೆ ತುಂಡುಗಳು.

"ಯಾರು ಹೊಲೀಬೇಕ್ರಿ ಇದನ್ನ?" ಎಂದು ಟೀಚರು ಕೇಳಿದರು.

"ಯಾರ್ ಬೇಕಾದವ್ರು ಹೊಲೀಲ್ರಿ. ನಾ ಆ ಕಡಿ ಮಾರಿ ಮಾಡಿ ಕೂಡ್ತೀನಿ. ನೋಡಿದ್ರ ನನ್ನ ಕೈ ತಡ್ಯಂಗಿಲ್ಲ" ಎಂದರು ಮಹಾದೇವಿಬಾಯಿ.

ಟೀಚರು ನನ್ನ ಕಡೆ ನೋಡಿದರು. ನಾನು ಮೇಜುಗಳನ್ನು ಒಳಗೆ ಸಾಗಿಸತೊಡಗಿದೆ.

ಟೆಂಪೊ ಬರಲಿಲ್ಲ, ತ್ರ್ಯಂಬಕಕ್ಕೆ ಹೋಗಲಿಲ್ಲ. ಮತ್ತೆ ಅರ್ಜಿಯನ್ನೂ ಹಾಕಲಿಲ್ಲ. ಮುಂದೆ ಟೀಚರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಮಗಳು ಸಂಭಾಜಿನಗರಕ್ಕೆ ಕರೆದುಕೊಂಡು ಹೋದಳು. ಸಾಸಿವೆ ಸಾಲಿನ ಆ ಮೊದಲ ಕೌದಿಯನ್ನು ಜೊತೆಗೆ ಒಯ್ದರು, ಎರಡನೆಯದು ವರಾಂಡದಲ್ಲೇ ಉಳಿಯಿತು. ಕೊನೆಯವರೆಗೂ ಆ ಮೊದಲನೆಯದನ್ನೇ ಹೊದೆಯುತ್ತಿದ್ದರಂತೆ. ಸಂಜೆ ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಇವತ್ತ ಗಾಡಿ ಲೇಟ್ ಇತ್ತೇನ್ರಿ?" ಲೇಟಿದ್ದರೆ ಹೊಲಿಗೆ ಉದ್ದ ಬಂದಿರುತ್ತದೆ ಎಂದು ಅವರಿಗೆ ಖುಷಿ. ರೈಲು ತಡವಾದರೆ ಖುಷಿಪಡುವ ಇನ್ನೊಬ್ಬರನ್ನು ನಾನು ಈ ರಸ್ತೆಯಲ್ಲಿ ಕಂಡಿಲ್ಲ.

ಅವರ ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಹೆಂಗಸರು ವರಾಂಡಕ್ಕೆ ಬಂದರು. ಮಹಾದೇವಿಬಾಯಿಯ ಕೈಯಲ್ಲಿ ಜೋಳದ ರೊಟ್ಟಿ, ಪೊಟ್ಟಣದಲ್ಲಿ ಸಕ್ಕರೆ. "ಅಕ್ಕೋರ ಹೆಸರ್ಲೆ ಹೊಟ್ಟಿ ತುಂಬಿಸಿ ಮುಚ್ಚಿಬಿಡೂಣ್ರಿ ಅಣ್ಣಾರ. ಅದು ಹಸದಿರಬಾರದು" ಎಂದರು. ಬೇಡವೆನ್ನಲು ನನಗೆ ಯಾವ ಅಧಿಕಾರ? ಅವರು ಸೂಜಿಗೆ ದಾರ ಹಾಕಿದರು.

ಅಷ್ಟರಲ್ಲಿ ಚಹಾಕ್ಕೆಂದು ಒಬ್ಬ ಸಿಪಾಯಿ, ಅವನ ಹೆಂಡತಿ, ಒಂದು ಕಬ್ಬಿಣದ ಟ್ರಂಕು ಬಂದವು. ವರ್ಗವಾಗಿ ಹೊರಟವರು. ಆ ಹುಡುಗಿ ಯಾವ ಸೀಮೆಯವಳೋ, ನಮ್ಮ ಯಾವ ಭಾಷೆಯೂ ಅವಳಿಗೆ ಬರುತ್ತಿರಲಿಲ್ಲ. ಕೌದಿಯ ಹತ್ತಿರ ಬಂದು, ನಾನು? ಎನ್ನುವಂತೆ ಎದೆಯ ಮೇಲೆ ಬೆರಳಿಟ್ಟು ನೋಡಿದಳು. ಮಹಾದೇವಿಬಾಯಿ ಕೈಯಲ್ಲಿದ್ದ ಸೂಜಿ ಕೊಟ್ಟು ಸರಿದು ಕೂತರು. ಹುಡುಗಿ ನಾಲಿಗೆ ಕಚ್ಚಿಕೊಂಡು, ಸೊಟ್ಟಗೆ, ದೊಡ್ಡ ದೊಡ್ಡದಾಗಿ ಹಾಕತೊಡಗಿದಳು. ರೈಲಿನ ಕೂಗು ಕೇಳಿತು. ಗಂಡ ಟ್ರಂಕು ಎತ್ತಿಕೊಂಡು ಕರೆದ. ಅವಳು ಸೂಜಿಯನ್ನು ಅಲ್ಲೇ ಬಿಟ್ಟು, ನಮ್ಮೆಲ್ಲರಿಗೂ ಒಂದೇ ನಮಸ್ಕಾರ ಹಾಕಿ ಓಡಿದಳು.

ದಾರ ನಡುವೆ ನೇತಾಡುತ್ತಿತ್ತು. ಮಹಾದೇವಿಬಾಯಿ ಸೂಜಿ ಹಿಡಿದರು. ಆ ಸೊಟ್ಟ ಸಾಲನ್ನೇ ನೋಡಿದರು. ಅವರ ಬೆರಳು ಎಷ್ಟು ಚಡಪಡಿಸುತ್ತಿದೆ ಎಂದು ನನಗೆ ಕಾಣುತ್ತಿತ್ತು. ಆಮೇಲೆ ಅವರು ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಡಬ್ಬಿಯೊಳಗೆ ಹಾಕಿದರು.

"ಗಾಡಿ ಬಂತಲ್ರಿ. ಇರ್ಲಿ" ಎಂದರು.

ಆ ಡಬ್ಬಿ ಟೀಚರು ಶಾಲೆಯಲ್ಲಿ ಮಕ್ಕಳ ರಬ್ಬರು ಹಾಕಿಸಿಕೊಳ್ಳುತ್ತಿದ್ದ ಅದೇ ಸ್ಟೀಲ್ ಡಬ್ಬಿ. ಹೊಟ್ಟೆಯನ್ನು ಆ ದಿನ ಮುಚ್ಚಲಿಲ್ಲ, ಈವರೆಗೂ ಮುಚ್ಚಿಲ್ಲ. ಮಹಾದೇವಿಬಾಯಿ ತಂದ ರೊಟ್ಟಿಯನ್ನು ಮುರಿದು, ಸಕ್ಕರೆ ಉದುರಿಸಿ, ಎಲ್ಲರ ಕೈಗೂ ಒಂದೊಂದು ತುಂಡು ಕೊಟ್ಟರು. ನನ್ನ ಪಾಲನ್ನು ನಾನು ನಿಂತೇ ತಿಂದೆ. ವರಾಂಡದ ಮೇಜುಗಳು ಇನ್ನೂ ಒಳಗೇ ಇವೆ.